ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದರೆ ಪ್ರಯಾಣಕ್ಕೆ ತೊಂದರೆಯಾಗುವುದೇ? ಅನುಭವಸ್ಥರು ದಯವಿಟ್ಟು ತಿಳಿಸಿ

ತುಮಕೂರಿನಿಂದ, ಪ್ರಶ್ನೆ:

ನಮ್ಮ ತಾಯಿಯವರ ಪಾಸ್‌ಪೋರ್ಟಿನಲ್ಲಿ ಹೆಸರು ಒಂದೇ ಪದದಲ್ಲಿದೆ, ಸರ್‌ನೇಮ್ ಇರಬೇಕಾದ ಜಾಗದಲ್ಲಿ ಏನೂ ಇಲ್ಲ. ದಸರೆ ಕಳೆದ ಮೇಲೆ ಅವರನ್ನು ವಿಸಿಟ್ ವೀಸಾದಲ್ಲಿ ದುಬೈಗೆ, ಅಣ್ಣನ ಮನೆಗೆ ಕಳುಹಿಸಬೇಕೆಂದಿದ್ದೇವೆ. ಮುಂದೆ ಅಕ್ಕನ ಬಾಣಂತನಕ್ಕೆ ಅಮೆರಿಕಕ್ಕೂ ಹೋಗಬೇಕಾಗಬಹುದು. ಪಾಸ್‌ಪೋರ್ಟನ್ನು ಹೀಗೆಯೇ ಬಿಡಬಹುದೇ? ಟ್ರಾವೆಲ್ಸ್‌ನವರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ.

ಶಾರ್ಜಾದಿಂದ, ಉತ್ತರ:

ಟ್ರಾವೆಲ್ಸ್‌ನವರ ಮಾತು ಹೊಂದಿಕೆಯಾಗದಿರುವುದಕ್ಕೆ ಕಾರಣವಿದೆ. 2022ರ ನವೆಂಬರ್‌ನಲ್ಲಿ ಏರ್ ಇಂಡಿಯಾ ಮತ್ತು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಹೊರಡಿಸಿದ ಸುತ್ತೋಲೆಯಲ್ಲಿ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರನ್ನು ಯುಎಇ (ದುಬೈ, ಶಾರ್ಜಾಗಳಿರುವ ದೇಶ) ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ತಿಳಿಸಲಾಯಿತು. ಕೆಲವೇ ದಿನಗಳಲ್ಲಿ, ತಂದೆಯ ಹೆಸರು ಅಥವಾ ಮನೆತನದ ಹೆಸರು ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ನಮೂದಾಗಿದ್ದರೆ ಸಾಕು ಎಂಬ ಸ್ಪಷ್ಟನೆಯೂ ಬಂದಿತು. ಮೊದಲನೆಯದನ್ನಷ್ಟೇ ಓದಿದವರು ಆಗದು ಎನ್ನುತ್ತಾರೆ, ಎರಡನೆಯದನ್ನು ಓದಿದವರು ಆಗುತ್ತದೆ ಎನ್ನುತ್ತಾರೆ. ಆ ನಿಯಮವನ್ನು ತಂದಿದ್ದು ವಿಸಿಟ್ ವೀಸಾದಂತಹ ಪ್ರಯಾಣಗಳಿಗೆ. ಆಗಲೇ ಯುಎಇ ನಿವಾಸಿ ಪರವಾನಗಿ ಹೊಂದಿದ್ದವರಿಗೆ ಅಲ್ಲ. ಆದ್ದರಿಂದ ಅಲ್ಲಿಯೇ ನೆಲೆಸಿರುವ ಯಾರಾದರೂ ಒಂದೇ ಹೆಸರಿನಲ್ಲಿ ಓಡಾಡುತ್ತಿದ್ದರೆ ಅದನ್ನು ತಾಯಿಯವರ ವಿಷಯಕ್ಕೆ ಆಧಾರವಾಗಿ ಇಟ್ಟುಕೊಳ್ಳಬೇಡಿ.

ನನ್ನ ಚಿಕ್ಕಮ್ಮನವರ ಪಾಸ್‌ಪೋರ್ಟೂ ಹೀಗೆಯೇ ಇತ್ತು. ಬೆಂಗಳೂರಿನ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ ಕೊನೆಯ ಪುಟ ತೆರೆದು ತಂದೆಯ ಹೆಸರನ್ನು ನೋಡಿ, ಹಿರಿಯ ಸಿಬ್ಬಂದಿಯನ್ನು ಕರೆಸಿ ಕೇಳಿ, ಆಮೇಲೆ ಬೋರ್ಡಿಂಗ್ ಪಾಸ್ ಕೊಟ್ಟರು. ಪ್ರಯಾಣವೇನೋ ಸಾಗಿತು, ಆದರೆ ಒಬ್ಬರೇ ಹೊರಟ ವಯಸ್ಸಾದವರಿಗೆ ಆ ಅರ್ಧ ಗಂಟೆಯ ಆತಂಕ ಬೇಡವಾಗಿತ್ತು. ಪ್ರವೇಶ ಸಿಗದವರನ್ನು ವಿಮಾನ ಸಂಸ್ಥೆಯೇ ವಾಪಸು ಕರೆತರಬೇಕಾಗುವುದರಿಂದ ಸಂದೇಹ ಬಂದರೆ ಅವರು ಇಲ್ಲಿಯೇ ತಡೆಯುತ್ತಾರೆ, ವೀಸಾ ಕೈಯಲ್ಲಿದ್ದರೂ ತಡೆಯುತ್ತಾರೆ. ಕೊನೆಯ ಪುಟದಲ್ಲಿ ತಂದೆಯ ಹೆಸರು ಮುದ್ರಿತವಾಗಿದೆಯೇ ಎಂಬುದನ್ನು ಮೊದಲು ನೋಡಿ; ಪತಿಯ ಹೆಸರು ಇದೆ ಎಂದಷ್ಟಕ್ಕೆ ಸಮಾಧಾನಪಟ್ಟುಕೊಳ್ಳಬೇಡಿ.

ನ್ಯೂಜೆರ್ಸಿಯಿಂದ, ಉತ್ತರ:

ಅಮೆರಿಕದಲ್ಲಿ ಒಂದೇ ಹೆಸರಿಗೆ ನಿಷೇಧವಿಲ್ಲ. ಸರ್‌ನೇಮ್ ಖಾಲಿ ಇದ್ದರೆ ಇರುವ ಒಂದು ಹೆಸರನ್ನೇ ವೀಸಾದಲ್ಲಿ ಸರ್‌ನೇಮ್ ಜಾಗಕ್ಕೆ ಹಾಕಿ, ಗಿವನ್ ನೇಮ್ (ಸ್ವಂತ ಹೆಸರು) ಜಾಗದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ತಿಳಿದಿಲ್ಲ) ಎಂದು ಮುದ್ರಿಸುತ್ತಾರೆ. ಅದು ತಪ್ಪಲ್ಲ, ಅದನ್ನು ನೋಡಿ ಗಾಬರಿಯಾಗಬೇಕಿಲ್ಲ. ಆದರೆ ಭಾರತೀಯರಿಗೆ ಸಂದರ್ಶಕ ವೀಸಾವನ್ನು ಸಾಮಾನ್ಯವಾಗಿ 10 ವರ್ಷಗಳ ಅವಧಿಗೆ ಕೊಡುತ್ತಾರೆ. ವೀಸಾ ಪಡೆದ ಮೇಲೆ ಪಾಸ್‌ಪೋರ್ಟಿನ ಹೆಸರು ತಿದ್ದಿಸಿದರೆ, ಅಷ್ಟು ವರ್ಷ ಹಳೆಯ ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು ಹೆಸರು ಎಂದು ವಿವರಿಸುತ್ತಲೇ ಇರಬೇಕಾಗುತ್ತದೆ. ಇಲ್ಲವೇ ಮತ್ತೆ ಶುಲ್ಕ ಕಟ್ಟಿ ಹೊಸ ವೀಸಾಕ್ಕೆ ಅರ್ಜಿ ಹಾಕಬೇಕು. ತಿದ್ದುವುದಾದರೆ ಅರ್ಜಿಯ ಮೊದಲೇ ತಿದ್ದಿಸಿ.

ಮೈಸೂರಿನಿಂದ, ಉತ್ತರ:

ನನ್ನ ಅಭಿಪ್ರಾಯದಲ್ಲಿ ತಿದ್ದಿಸುವುದೇ ಸರಿ, ಸಮಯವಿರುವಾಗಲೇ. ನಮ್ಮ ಕಡೆ ಊರಿನ ಹೆಸರು, ತಂದೆಯ ಹೆಸರು ಎರಡೂ ಹೆಸರಿನ ಮುಂದೆ ಒಂದೊಂದು ಅಕ್ಷರವಾಗಿ ನಿಲ್ಲುತ್ತವೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್‌ಗಳಿಗೆ ಅವಕಾಶವಿಲ್ಲದ ಕಾರಣ ಅರ್ಜಿ ತುಂಬುವಾಗ ಬಹಳ ಜನರು ಅವನ್ನು ಬಿಟ್ಟೇಬಿಟ್ಟಿರುತ್ತಾರೆ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಮರು ವಿತರಣೆಗೆ (ರೀ-ಇಶ್ಯೂ) ಅರ್ಜಿ ಹಾಕಿ, ವೈಯಕ್ತಿಕ ವಿವರಗಳ ಬದಲಾವಣೆ ಎಂಬ ಕಾರಣವನ್ನು ಆರಿಸಿಕೊಳ್ಳಬೇಕು. 36 ಪುಟಗಳ ಪುಸ್ತಿಕೆಗೆ ಶುಲ್ಕ 1,500 ರೂಪಾಯಿ, ತತ್ಕಾಲ್ ಆದರೆ ಮೇಲೆ 2,000 ರೂಪಾಯಿ.

ಅರ್ಜಿಗಿಂತ ಮೊದಲು ಮನೆಯವರೆಲ್ಲ ಕುಳಿತು, ತಂದೆಯ ಹೆಸರು, ಪತಿಯ ಹೆಸರು, ಊರಿನ ಹೆಸರು ಇವುಗಳಲ್ಲಿ ಯಾವುದು ಸರ್‌ನೇಮ್ ಆಗಬೇಕೆಂದು ನಿರ್ಧರಿಸಿ, ಅದೇ ರೂಪದಲ್ಲಿ, ಅದೇ ಇಂಗ್ಲಿಷ್ ಕಾಗುಣಿತದಲ್ಲಿ ಆಧಾರ್ ಮತ್ತು ಪ್ಯಾನ್ ತಿದ್ದಿಸಿಕೊಳ್ಳಿ. ಆಧಾರ್‌ನಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಜೀವಮಾನದಲ್ಲಿ ಎರಡೇ ಅವಕಾಶಗಳಿರುವುದರಿಂದ ಅವಸರದಲ್ಲಿ ಒಂದು ಅಕ್ಷರವೂ ತಪ್ಪಬಾರದು. ಹಳೆಯ ಪಾಸ್‌ಪೋರ್ಟನ್ನು ರದ್ದು ಮುದ್ರೆ ಹಾಕಿ ಹಿಂದಿರುಗಿಸುತ್ತಾರೆ, ಅದನ್ನು ಜೋಪಾನವಾಗಿಡಿ. ಮರು ವಿತರಣೆಗೂ ಪೊಲೀಸ್ ಪರಿಶೀಲನೆ ಬರಬಹುದು. ಆದ್ದರಿಂದ ಹೊಸ ಪಾಸ್‌ಪೋರ್ಟ್ ಕೈಸೇರುವವರೆಗೆ ವೀಸಾಕ್ಕೂ ಟಿಕೆಟ್ಟಿಗೂ ಹಣ ಕಟ್ಟಬೇಡಿ.

ಶಾರ್ಜಾದಿಂದ, ಮತ್ತೆ:

ಅಷ್ಟು ಸಮಯವಿಲ್ಲವಾದರೆ, ಟಿಕೆಟ್ ಮಾಡುವ ಮೊದಲೇ ವಿಮಾನ ಸಂಸ್ಥೆಗೆ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟಗಳನ್ನು ಇಮೇಲ್ ಮಾಡಿ, ಒಂದೇ ಹೆಸರಿನ ಪ್ರಯಾಣಿಕರ ಟಿಕೆಟ್ಟಿನಲ್ಲಿ ಹೆಸರನ್ನು ಹೇಗೆ ತುಂಬಬೇಕೆಂದು ಕೇಳಿ. ಇದು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗುತ್ತದೆ. ಅವರು ಬರೆದ ಉತ್ತರವನ್ನು ಮುದ್ರಿಸಿ ತಾಯಿಯವರ ಕೈಚೀಲದಲ್ಲಿಡಿ; ಕೌಂಟರಿನಲ್ಲಿ ಪ್ರಶ್ನೆ ಬಂದರೆ ತೋರಿಸಲು ಅನುಕೂಲವಾಗುತ್ತದೆ.