ಸಹಾಯ ಬೇಕು: ಅಣ್ಣನ ಹಳೇ ಚಾರಿಜಾರ್ಡ್ ಕಾರ್ಡ್ ಅಸಲಿಯಾ?

ಎಲ್ಲರಿಗೂ ನಮಸ್ಕಾರ. ಅಣ್ಣ ಚಿಕ್ಕವನಿದ್ದಾಗ ಕೂಡಿಟ್ಟಿದ್ದ ಪೋಕೆಮಾನ್ ಕಾರ್ಡ್‌ಗಳು ಈಗ ನನ್ನ ಹತ್ತಿರ ಇವೆ. ಅದರಲ್ಲಿ 1999ರ ಬೇಸ್ ಸೆಟ್‌ನ (ಮೊದಲ ಸರಣಿಯ) ಚಾರಿಜಾರ್ಡ್ ಅನ್ನೋ ಪಾತ್ರದ ಕಾರ್ಡ್ ಒಂದಿದೆ, ನಂಬರ್ 4/102, ಅಂದರೆ 102 ಕಾರ್ಡ್‌ಗಳಲ್ಲಿ 4ನೇದು. ಅವನಿಗೆ ಇದು ಪ್ರಾಣ. ಅದಕ್ಕೇ ಸುಮ್ನೆ ಯಾರೋ ಹೇಳಿದ ಬೆಲೆಗೆ ಕೊಡೋಕೆ ಮನಸ್ಸಿಲ್ಲ.

ನಾನು ನೋಡಿದ್ದು ಹೇಳ್ತೀನಿ. ಚಿತ್ರದ ಚೌಕಟ್ಟಿನ ಬಲಗಡೆ ನೆರಳಿನ ಗೆರೆ ಇಲ್ಲ. ಕೆಳಗಿನ ಸಣ್ಣ ಅಕ್ಷರದ ಸಾಲಿನಲ್ಲಿ 1995, 96, 98 ಆದ ಮೇಲೆ 99 ಕೂಡ ಇದೆ. ಅಂದರೆ ಇದು ಶ್ಯಾಡೋಲೆಸ್ (ನೆರಳಿನ ಗೆರೆ ಇಲ್ಲದ, ಆರಂಭದ) ಮುದ್ರಣ ಇರಬೇಕು, ಅಲ್ವಾ? ಚಿತ್ರದ ಕೆಳಗೆ ಎಡಗಡೆ ಫಸ್ಟ್ ಎಡಿಷನ್ ಮುದ್ರೆ ಮಾತ್ರ ಇಲ್ಲ.

ನನಗೆ ಅನುಮಾನ ಬಂದಿರೋದು ಬೆಳಕಿನ ಪರೀಕ್ಷೆಯಲ್ಲಿ. ಅಸಲಿ ಕಾರ್ಡ್‌ನ ಎರಡು ಪದರಗಳ ಮಧ್ಯೆ ಕಪ್ಪು ಪದರ ಇರುತ್ತೆ, ಬೆಳಕು ಜಾಸ್ತಿ ದಾಟಲ್ಲ. ಟಾರ್ಚ್ ಹಿಡಿದರೆ ಇದರಲ್ಲಿ ಮಂಕಾಗಿ ಸ್ವಲ್ಪ ಬೆಳಕು ಕಾಣುತ್ತೆ. ಅದೇ ಸೆಟ್‌ನ ಬೇರೆ ಕಾರ್ಡ್ ಪಕ್ಕದಲ್ಲಿಟ್ಟು ನೋಡಿದೆ, ಹೆಚ್ಚುಕಮ್ಮಿ ಹಾಗೇ ಇದೆ. ಆದರೂ ಸಮಾಧಾನ ಇಲ್ಲ. ಅಂಚು ಹರಿದು ನೋಡು ಅಂತ ಮಾತ್ರ ದಯವಿಟ್ಟು ಹೇಳಬೇಡಿ!

ಸ್ಥಿತಿ: ಹಿಂದೆ ನೀಲಿ ಅಂಚಿನಲ್ಲಿ ಎರಡು ಕಡೆ ಬಿಳಿ ಕಾಣುತ್ತೆ. ಹೊಳೆಯುವ ಭಾಗದಲ್ಲಿ ಕೂದಲೆಳೆಯಷ್ಟು ಗೀರುಗಳಿವೆ, ವಾರೆ ಮಾಡಿದರಷ್ಟೇ ಕಾಣೋದು. ಮಡಿಕೆ ಇಲ್ಲ.

ಭೂತಗನ್ನಡಿಯಲ್ಲಿ ಬಣ್ಣದ ಚುಕ್ಕಿಗಳು ಹೇಗಿರಬೇಕು? ಪಿಎಸ್‌ಎ (ಕಾರ್ಡ್ ಅಸಲಿಯಾ ಅಂತ ನೋಡಿ, ಸ್ಥಿತಿಗೆ ತಕ್ಕ ದರ್ಜೆ ಕೊಡೋ ಕಂಪನಿ) ಗ್ರೇಡಿಂಗ್‌ಗೆ ಕಳಿಸೋದು ಒಳ್ಳೇದಾ? ಬೆಲೆ ತಿಳಿಯೋಕೆ ಮಾರಾಟ ಆಗಿರೋ ದರ ಎಲ್ಲಿ ನೋಡಲಿ? ಇದನ್ನ ಕೈಯಲ್ಲಿ ಹಿಡಿದು ನೋಡಿರೋರು ದಯವಿಟ್ಟು ತಿಳಿಸಿ. ಫೋಟೋ ಯಾವ ಕೋನದಲ್ಲಿ ಬೇಕು ಹೇಳಿ, ಇವತ್ತೇ ಹಾಕ್ತೀನಿ.