ಅಪರಿಚಿತರ ಸಹಜ ಭಾವಚಿತ್ರ: ಕೇಳಿ ತೆಗೆಯಬೇಕೇ, ಕೇಳದೆಯೇ?

ಪ್ರಶ್ನೆ

ನಮಸ್ಕಾರ. ನಾಲ್ಕು ವರ್ಷಗಳಿಂದ ಪ್ರವಾಸ ಹೋದಲ್ಲೆಲ್ಲ ಅಪರಿಚಿತರ ಕಪ್ಪು-ಬಿಳುಪು ಭಾವಚಿತ್ರಗಳನ್ನು ತೆಗೆಯುತ್ತ ಬಂದಿದ್ದೇನೆ. ಕಟ್ಟಡಗಳ, ಬೆಟ್ಟಗಳ ಚಿತ್ರಗಳು ಎಲ್ಲರ ಬಳಿಯೂ ಇರುತ್ತವೆ. ರೈಲಿಗಾಗಿ ಕಾಯುತ್ತ ತನ್ನದೇ ಯೋಚನೆಯಲ್ಲಿ ಮುಳುಗಿರುವ ಒಂದು ಮುಖ ಮಾತ್ರ ಆ ಊರನ್ನು ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿಸುತ್ತದೆ. ಆದರೆ ಎರಡು ತೊಡಕುಗಳು ನನ್ನನ್ನು ಬಿಡುತ್ತಿಲ್ಲ.

ಮೊದಲನೆಯದು, ಅನುಮತಿ ಕೇಳಿದ ಕೂಡಲೇ ಮುಖ ಬದಲಾಗುವುದು. ಕಳೆದ ಪ್ರವಾಸದಲ್ಲಿ ದೋಣಿಕಟ್ಟೆಯ ಬಳಿ ಒಬ್ಬ ಹಿರಿಯರು ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಹುಬ್ಬು ಗಂಟಿಕ್ಕಿ, ಹರಿದ ಬಲೆಯನ್ನು ಹೊಲಿಯುತ್ತಿದ್ದರು. ನಾನು ಕ್ಯಾಮೆರಾ ತೋರಿಸಿ ಸನ್ನೆಯಲ್ಲಿ ಕೇಳಿದೆ. ಅವರು ಬಲೆಯನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಎದ್ದು ನೆಟ್ಟಗೆ ನಿಂತರು. ದಾರವೂ ಹೋಯಿತು, ಹುಬ್ಬಿನ ಗಂಟೂ ಹೋಯಿತು. ಕೇಳದೆ 200 ಮಿ.ಮೀ. ಲೆನ್ಸಿನಲ್ಲಿ ದೂರದಿಂದ ತೆಗೆದರೆ ಕದ್ದಂತೆ ಅನಿಸುತ್ತದೆ, ಚಿತ್ರದಲ್ಲಿ ಆಪ್ತತೆಯೂ ಇರುವುದಿಲ್ಲ. ಎರಡನೆಯದು, ಬಣ್ಣದಲ್ಲಿ ಚೆನ್ನಾಗಿ ಕಂಡ ಚಿತ್ರ ಕಪ್ಪು-ಬಿಳುಪಿಗೆ ಬದಲಾಯಿಸಿದಾಗ ಬೂದಿ ಬಳಿದಂತೆ ಮಂಕಾಗುತ್ತದೆ. ಅನುಭವವುಳ್ಳವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ 1

ನಿಮ್ಮ 200 ಮಿ.ಮೀ. ಲೆನ್ಸನ್ನು ಈ ಕೆಲಸದ ಮಟ್ಟಿಗೆ ಮನೆಯಲ್ಲೇ ಬಿಟ್ಟುಬಿಡಿ. ಚಿತ್ರದಲ್ಲಿ ಆಪ್ತತೆ ಕಾಣುವುದು ಮುಖ ದೊಡ್ಡದಾಗಿರುವುದರಿಂದಲ್ಲ, ತೆಗೆದವರು ಹತ್ತಿರದಲ್ಲಿ ನಿಂತಿದ್ದುದರಿಂದ. ಹತ್ತು ಹದಿನೈದು ಮೀಟರ್ ದೂರದಿಂದ ಎಳೆದು ತಂದ ಮುಖದಲ್ಲಿ ಆ ದೂರವೂ ಜೊತೆಗೇ ಬರುತ್ತದೆ. ನಾನು ಅಗಲ ನೋಟದ 35 ಮಿ.ಮೀ. ಲೆನ್ಸನ್ನಷ್ಟೇ ಬಳಸುತ್ತೇನೆ. ಪೂರ್ಣ ಫ್ರೇಮ್ (ಹಳೆಯ ಫಿಲ್ಮ್ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಲೆನ್ಸಿನ ಕಿಂಡಿಯನ್ನು ಎಫ್/8ಕ್ಕೆ ಇಟ್ಟು, ಫೋಕಸನ್ನು 3 ಮೀಟರಿಗೆ ನಿಲ್ಲಿಸಿದರೆ ಸುಮಾರು 1.9 ಮೀಟರಿನಿಂದ 7 ಮೀಟರಿನವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ಆಗ ಫೋಕಸಿಗಾಗಿ ತಡಕಾಡುವ ಆ ಅರೆಕ್ಷಣ ಉಳಿತಾಯವಾಗುತ್ತದೆ, ಮತ್ತು ಮುಖಭಾವ ಕೈತಪ್ಪುವುದು ಬಹುಮಟ್ಟಿಗೆ ಆ ಅರೆಕ್ಷಣದಲ್ಲಿಯೇ.

ಅದಕ್ಕಿಂತ ಮುಖ್ಯವಾದದ್ದು ಒಂದೇ ಜಾಗದಲ್ಲಿ ಕಾಯುವುದು. ಕ್ಯಾಮೆರಾವನ್ನು ಚೀಲದಲ್ಲಿ ಬಚ್ಚಿಡದೆ, ಎಲ್ಲರಿಗೂ ಕಾಣುವಂತೆ ಕೊರಳಿಗೆ ಹಾಕಿಕೊಂಡು ಅರ್ಧ ಗಂಟೆ ಕುಳಿತುಕೊಳ್ಳಿ. ಜನ ಮೊದಲು ನೋಡುತ್ತಾರೆ, ಮತ್ತೊಮ್ಮೆ ನೋಡುತ್ತಾರೆ, ಆಮೇಲೆ ತಮ್ಮ ಪಾಡಿಗೆ ತಾವು ಇರುತ್ತಾರೆ. ಆ ಹೊತ್ತಿನಲ್ಲಿ ತೆಗೆಯಿರಿ. ತೆಗೆದ ಮೇಲೆ ತಲೆಬಾಗಿಸಿ, ಹತ್ತಿರ ಹೋಗಿ ಚಿತ್ರ ತೋರಿಸಿ, ಬೇಡವೆಂದರೆ ಅವರ ಕಣ್ಣೆದುರೇ ಅಳಿಸಿ. ನನ್ನ ಅನುಭವದಲ್ಲಿ ಬೇಡವೆಂದವರು ಬಹಳ ಕಡಿಮೆ.

ಉತ್ತರ 2

ಮಂಕಾಗುವ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಕೆಂಪು ಅಂಗಿ ಹಸಿರು ಗೋಡೆಯ ಮುಂದೆ ಎದ್ದು ಕಾಣುವುದು ಬಣ್ಣ ಬೇರೆಯಾಗಿರುವುದರಿಂದ. ಎರಡರ ಹೊಳಪೂ ಒಂದೇ ಆಗಿದ್ದರೆ ಕಪ್ಪು-ಬಿಳುಪಿನಲ್ಲಿ ಎರಡೂ ಒಂದೇ ಬೂದುಬಣ್ಣವಾಗಿ ಬೆರೆತುಹೋಗುತ್ತವೆ. ಹಾಗಾಗಿ ಬಣ್ಣವನ್ನು ನೋಡಿ ತೆಗೆದು ಆಮೇಲೆ ಬದಲಾಯಿಸುವ ಯೋಚನೆಯನ್ನೇ ಬಿಡಬೇಕು. ಕ್ಯಾಮೆರಾದ ಪರದೆಯನ್ನು ಏಕವರ್ಣಕ್ಕೆ ಇಟ್ಟುಕೊಂಡು ರಾ ಫೈಲಿನಲ್ಲಿ (ಸೆನ್ಸರಿನ ಮೂಲ ಮಾಹಿತಿಯನ್ನು ಹಾಗೆಯೇ ಇಡುವ ಫೈಲು) ತೆಗೆಯಿರಿ. ಬಣ್ಣದ ಮಾಹಿತಿ ಫೈಲಿನಲ್ಲಿ ಉಳಿದಿರುತ್ತದೆ, ಆದರೆ ಸ್ಥಳದಲ್ಲಿ ನೀವು ನೋಡುವುದು ಬೆಳಕು ಮತ್ತು ನೆರಳನ್ನು ಮಾತ್ರ. ನಡುಹಗಲ ಬಿಸಿಲಿನಲ್ಲಿ ಕಣ್ಣಿನ ಗುಳಿಗಳು ಕತ್ತಲಾಗುತ್ತವೆ. ಜಗಲಿಯ ಅಂಚು, ಕಿಟಕಿಯ ಪಕ್ಕ, ಸೂರಿನ ನೆರಳು ಮುಗಿಯುವ ಜಾಗ, ಇಲ್ಲೆಲ್ಲ ಬೆಳಕು ಒಂದು ಬದಿಯಿಂದ ಬಂದು ಮುಖಕ್ಕೆ ಉಬ್ಬುತಗ್ಗು ಕೊಡುತ್ತದೆ.

ಚರ್ಮದ ಛಾಯೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಬಹಳ ಜನ ಎಡವುವುದು ಇಲ್ಲಿಯೇ. ಕ್ಯಾಮೆರಾದೊಳಗಿನ ಬೆಳಕಳೆಯುವ ಮೀಟರು ತಾನು ಕಂಡದ್ದನ್ನೆಲ್ಲ ನಡುಬೂದಿಗೆ ತರಲು ನೋಡುತ್ತದೆ. ಬಿಳಿ ಗೋಡೆಯ ಮುಂದೆ ಕಪ್ಪು ಮೈಬಣ್ಣದವರು ಕುಳಿತಿದ್ದರೆ ಅದು ಗೋಡೆಯನ್ನು ನೋಡಿ ಮುಖವನ್ನು ಕತ್ತಲಾಗಿಸುತ್ತದೆ. ಅಲ್ಲಿ ಒಂದು ಸ್ಟಾಪ್, ಅಂದರೆ ಬೆಳಕನ್ನು ಎರಡರಷ್ಟು, ಹೆಚ್ಚಿಸಿ. ಅದೇ ಮುಖ ಚೌಕಟ್ಟನ್ನು ತುಂಬಿದ್ದರೆ ಅಗತ್ಯಕ್ಕಿಂತ ಹೆಚ್ಚು ಬೆಳಗಿಸುತ್ತದೆ, ಅಲ್ಲಿ ತಗ್ಗಿಸಿ. ಪರಿವರ್ತಿಸುವಾಗ ಕೆಂಪು, ಕಿತ್ತಳೆ ಬಣ್ಣಗಳ ಹೊಳಪನ್ನು ಏರಿಸಿದರೆ ಚರ್ಮ ತಿಳಿಯಾಗಿ, ಕಲೆಗಳು ಮಾಸುತ್ತವೆ. ಇಳಿಸಿದರೆ ಸುಕ್ಕು, ಮಚ್ಚೆ, ಬಿಸಿಲಿನ ಗುರುತುಗಳು ಮೇಲೆದ್ದು ಬರುತ್ತವೆ. ಕೆಂಪು ಬೆಳಕನ್ನು ಗ್ರಹಿಸದ ಹಳೆಯ ಆರ್ಥೊಕ್ರೊಮ್ಯಾಟಿಕ್ ಫಿಲ್ಮುಗಳಲ್ಲಿ ತುಟಿಗಳು ಅಷ್ಟು ಕಪ್ಪಾಗಿ ಕಾಣುತ್ತಿದ್ದುದು ಇದೇ ಕಾರಣಕ್ಕೆ. ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಕಪ್ಪು ಮುಖವನ್ನು ಬೆಳ್ಳಗೆ ಮಾಡಬೇಡಿ. ಅದರ ಮೇಲೆ ಬಿದ್ದ ಬೆಳಕಿನ ಹೊಳಪನ್ನು ಉಳಿಸಿಕೊಂಡರೆ ಸಾಕು, ಮಂಕು ತಾನಾಗಿಯೇ ಹೋಗುತ್ತದೆ.

ಶಟರ್ ವೇಗ 1/250 ಸೆಕೆಂಡಿಗಿಂತ ಕಡಿಮೆಯಾಗದಂತೆ ನೋಡಿಕೊಂಡು, ಬೆಳಕಿನ ಸಂವೇದನೆಯ ಮಟ್ಟವಾದ ಐಎಸ್‌ಒವನ್ನು ಕ್ಯಾಮೆರಾಕ್ಕೇ ಬಿಡಿ. 3200ರ ನಾಯ್ಸ್ (ಚುಕ್ಕೆಚುಕ್ಕೆಯ ಒರಟುತನ) ಕಪ್ಪು-ಬಿಳುಪಿನಲ್ಲಿ ಫಿಲ್ಮಿನ ಕಣಗಳಂತೆ ಕಾಣುತ್ತದೆಯೇ ಹೊರತು ಚಿತ್ರವನ್ನು ಕೆಡಿಸುವುದಿಲ್ಲ.

ಉತ್ತರ 3

ಮೊದಲ ಉತ್ತರದ ತಾಳ್ಮೆಯನ್ನು ಒಪ್ಪುತ್ತೇನೆ, ಆದರೆ ‘ತೆಗೆದ ಮೇಲೆ ಕೇಳಿ’ ಎಂಬ ಸಲಹೆಯನ್ನು ಪ್ರವಾಸಿಗರಿಗೆ ಹಾಗೆಯೇ ಕೊಡಲಾಗದು. ಹಂಗೇರಿಯಲ್ಲಿ 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ನಾಗರಿಕ ಸಂಹಿತೆಯ ಪ್ರಕಾರ ಚಿತ್ರವನ್ನು ಪ್ರಕಟಿಸಲು ಮಾತ್ರವಲ್ಲ, ತೆಗೆಯುವುದಕ್ಕೂ ಆ ವ್ಯಕ್ತಿಯ ಒಪ್ಪಿಗೆ ಬೇಕು. ಕೆನಡಾದ ಕ್ವಿಬೆಕ್‌ನಲ್ಲಿ ಕಟ್ಟಡವೊಂದರ ಮುಂದೆ ಕುಳಿತಿದ್ದ 17 ವರ್ಷದ ಯುವತಿಯ ಚಿತ್ರವನ್ನು ಒಪ್ಪಿಗೆಯಿಲ್ಲದೆ ಪ್ರಕಟಿಸಿದ್ದಕ್ಕೆ ಪರಿಹಾರ ಕೊಡಬೇಕೆಂಬುದನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1998ರಲ್ಲಿ ಎತ್ತಿಹಿಡಿಯಿತು. ಹೋಗುವ ದೇಶದ ಕಾನೂನನ್ನು ಹೊರಡುವ ಮುನ್ನವೇ ಓದಿಕೊಳ್ಳಿ.

ಈ ಕಲೆಯ ದೊಡ್ಡವರು ಮರೆಯಲ್ಲಿ ತೆಗೆದಿದ್ದಾರೆಂಬುದು ನಿಜ. ಪಾಲ್ ಸ್ಟ್ರ್ಯಾಂಡ್ 1916ರಲ್ಲಿ ಕ್ಯಾಮೆರಾದ ಬದಿಗೆ ಹುಸಿ ಲೆನ್ಸ್ ಅಂಟಿಸಿಕೊಂಡು, ಬೇರೆತ್ತಲೋ ನೋಡುವವರಂತೆ ನ್ಯೂಯಾರ್ಕ್ ಬೀದಿಯ ಜನರನ್ನು ಚಿತ್ರಿಸಿದರು. ವಾಕರ್ ಇವಾನ್ಸ್ 1938ರಿಂದ 1941ರವರೆಗೆ ಅದೇ ನಗರದ ಸುರಂಗ ರೈಲಿನಲ್ಲಿ, ಕೋಟಿನೊಳಗೆ ಕಾಂಟ್ಯಾಕ್ಸ್ ಕ್ಯಾಮೆರಾ ಅಡಗಿಸಿ, ಗುಂಡಿಗಳ ನಡುವಿನಿಂದ ಎದುರು ಕುಳಿತವರನ್ನು ತೆಗೆದರು. ಆದರೆ ಆ ಚಿತ್ರಗಳು ಪುಸ್ತಕವಾದದ್ದು 1966ರಲ್ಲಿ. ಇಂದು ನಾವು ತೆಗೆದ ಮುಖ ಅದೇ ಸಂಜೆ ಸಾವಿರ ಜನರ ಮೊಬೈಲಿನಲ್ಲಿರುತ್ತದೆ. ಆ ಇಪ್ಪತ್ತೈದು ವರ್ಷಗಳ ಅಂತರ ನಮಗಿಲ್ಲ.

ಬಲೆ ಹೊಲಿಯುತ್ತಿದ್ದ ಹಿರಿಯರ ವಿಷಯದಲ್ಲಿ ನೀವು ಕೇಳಿದ್ದು ತಪ್ಪಲ್ಲ, ಬೇಗ ಹೊರಟುಬಂದದ್ದು ತಪ್ಪು. ಅವರು ಎದ್ದು ನಿಂತದ್ದು ನಿಮ್ಮ ಚಿತ್ರವನ್ನು ಕೆಡಿಸುವುದಕ್ಕಲ್ಲ. ತಾನು ಹೀಗೆ ಕಾಣಬೇಕೆಂದು ಅವರು ನಿಮಗೆ ಹೇಳಿದ ಬಗೆ ಅದು. ಆ ಚಿತ್ರವನ್ನೂ ಮನಸ್ಸಿಟ್ಟು ತೆಗೆಯಿರಿ, ತೋರಿಸಿ, ಇನ್ನಷ್ಟು ತೆಗೆಯಬಹುದೇ ಎಂದು ಕೇಳಿ ಅಲ್ಲಿಯೇ ಕುಳಿತುಕೊಳ್ಳಿ. ಬಲೆ ಇನ್ನೂ ಹರಿದೇ ಇದೆಯಲ್ಲ, ಅವರು ಮತ್ತೆ ಹೊಲಿಯಲು ಕೂರಲೇಬೇಕು. ಮಕ್ಕಳು, ನಿದ್ರಿಸುತ್ತಿರುವವರು, ದುಃಖದಲ್ಲಿರುವವರನ್ನು ಮಾತ್ರ ಬಿಟ್ಟುಬಿಡಿ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಈ ಬಾರಿ 35 ಮಿ.ಮೀ. ಲೆನ್ಸನ್ನು ಮಾತ್ರ ಒಯ್ದಿದ್ದೆ. ಬೀದಿಬದಿಯಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದ ಒಬ್ಬ ಮಹಿಳೆಯನ್ನು ಮೊದಲೇ ಕೇಳಿದೆ. ಅವರು ಕೂದಲು ಸರಿಮಾಡಿಕೊಂಡು, ತುಟಿ ಬಿಗಿದು ಕುಳಿತರು. ತೆಗೆದೆ, ತೋರಿಸಿದೆ, ಮತ್ತೂ ತೆಗೆಯಬಹುದೇ ಎಂದು ಕೇಳಿ ಪಕ್ಕದ ಮೆಟ್ಟಿಲ ಮೇಲೆ ಕುಳಿತೆ. ಸುಮಾರು ಇಪ್ಪತ್ತು ನಿಮಿಷವಾದ ಮೇಲೆ ಅವರು ಸೂಜಿಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಪೋಣಿಸತೊಡಗಿದರು. ನಾನು ಎರಡು ಮೀಟರ್ ದೂರದಲ್ಲಿದ್ದೆ. ಪರಿವರ್ತಿಸುವಾಗ ಕಿತ್ತಳೆಯನ್ನು ತುಸು ಇಳಿಸಿದ್ದರಿಂದ ಮುಚ್ಚಿದ ಕಣ್ಣಿನ ಸುತ್ತಲಿನ ಗೆರೆಗಳೆಲ್ಲ ಉಳಿದಿವೆ.

ಹೊರಡುವಾಗ ಎರಡನ್ನೂ ತೋರಿಸಿ ಯಾವುದನ್ನು ಕಳುಹಿಸಲಿ ಎಂದು ಕೇಳಿದೆ. ಅವರು ಒಂದಿಷ್ಟೂ ಯೋಚಿಸದೆ ತುಟಿ ಬಿಗಿದು ಕುಳಿತ ಚಿತ್ರವನ್ನು ತೋರಿಸಿದರು. ಅದನ್ನೇ ದೊಡ್ಡದಾಗಿ ಮುದ್ರಿಸಿ ಅಂಚೆಯಲ್ಲಿ ಕಳುಹಿಸಿದ್ದೇನೆ.