ಸೇಂಟ್ ಲೂಯಿಸ್: ಮನೆ ಮುಂದೆ ಹಾಥಾರ್ನ್ ಮರ ಹಾಕಬಹುದಾ?

ಹೊಸಮನೆಯವರು: ಮುಂದಿನ ಅಂಗಳದಲ್ಲಿದ್ದ ಬ್ರ್ಯಾಡ್‌ಫರ್ಡ್ ಪೇರ್ ಮರ ಗಾಳಿಗೆ ಸೀಳಿ ಬಿತ್ತು. ಆ ಜಾಗಕ್ಕೆ ಇಲ್ಲಿನದೇ ಹೂವಿನ ಮರ ಬೇಕು. ದಿನವಿಡೀ ಬಿಸಿಲು, ಮಣ್ಣು ಅಂಟು ಜೇಡಿ. ಹಾಥಾರ್ನ್ ಹೂವು 1923ರಿಂದ ಮಿಸೌರಿಯ ರಾಜ್ಯಪುಷ್ಪವಂತೆ. ಆದರೆ ಮುಳ್ಳು ನೋಡಿ ಭಯ, ಮನೇಲಿ ಚಿಕ್ಕ ಮಗ ಇದ್ದಾನೆ.

ತುಂಗಾತೀರ: ಮನೆ ಎದುರು ಮುಳ್ಳಿನ ಮರ ಅಂದ್ರೆ ನಮ್ಮತ್ತೆ ಒಳಗೇ ಬರಲ್ಲ 😀 ಸುಮ್ನೆ ರೆಡ್‌ಬಡ್ ಹಾಕಿ.

ಕೊಪ್ಪದ ಸೊಸೆ: ರೆಡ್‌ಬಡ್ ಚೆಂದ, ಹೂವು ಉದುರಿದ ಮೇಲೆ ಏನಿದೆ ಅದರಲ್ಲಿ? ಹಾಥಾರ್ನ್‌ನ ಮಜಾ ಇರೋದೇ ಚಳಿಗಾಲಕ್ಕೆ.

ಕಾಕ್‌ಸ್ಪರ್ ಜಾತಿ ಬೇಡ, ಎರಡು ಮೂರು ಇಂಚಿನ ಮುಳ್ಳು. ಬೇಕೇಬೇಕು ಅಂದ್ರೆ ಅದರಲ್ಲೇ ಮುಳ್ಳಿಲ್ಲದ ತಳಿ ಸಿಗುತ್ತೆ. ನಾನು ಹಾಕಿರೋದು ಬೇರೆ ಜಾತಿಯ ಹಾಥಾರ್ನ್, ‘ವಿಂಟರ್ ಕಿಂಗ್’ ಅನ್ನೋ ತಳಿ. ಮುಳ್ಳು ಪೂರ್ತಿ ಇಲ್ಲ ಅಂತಲ್ಲ, ತೀರಾ ಕಡಿಮೆ. ಕೆಳಗಿನ ಕೊಂಬೆಗಳನ್ನು ಮಗನ ತಲೆಗಿಂತ ಮೇಲಕ್ಕೆ ಸವರಿಬಿಡಿ. 25–30 ಅಡಿ ಬೆಳೆಯುತ್ತೆ, ಅಗಲವೂ ಹೆಚ್ಚುಕಡಿಮೆ ಅಷ್ಟೇ, ಹಾಗಾಗಿ ಕಾಲುದಾರಿಯಿಂದ ದೂರ ಇರಲಿ. ಜೇಡಿಮಣ್ಣಿಗೆ ಅದೇನೂ ಗೊಣಗಲ್ಲ.

ಎಲೆ ಉದುರಿದ ಮೇಲೆ ನೋಡಬೇಕು. ಬೂದು ಬಣ್ಣದ ತೊಗಟೆ ಅಲ್ಲಲ್ಲಿ ಚಕ್ಕೆ ಏಳುತ್ತೆ, ಒಳಗೆ ಕಿತ್ತಳೆ ಬಣ್ಣ. ಬೋಳು ಕೊಂಬೆ ತುಂಬ ಕವಳಿಕಾಯಿ ಗಾತ್ರದ ಕೆಂಪು ಹಣ್ಣು, ಹಿಮ ಬಿದ್ದರೂ ಉದುರಲ್ಲ. ಆಮೇಲೆ ಒಂದಿನ ಸೀಡರ್ ವ್ಯಾಕ್ಸ್‌ವಿಂಗ್ ಹಕ್ಕಿಗಳು ಹಿಂಡುಹಿಂಡಾಗಿ ಬಂದು ಖಾಲಿ ಮಾಡಿಬಿಡ್ತವೆ.

ನರ್ಸರಿಯಲ್ಲಿ ಸಿಗೋದು ಸಾಮಾನ್ಯವಾಗಿ ಕಸಿ ಗಿಡ. ಕಸಿಯ ಗಂಟಿನ ಕೆಳಗೆ ಚಿಗುರು ಬಂದರೆ ಕಿತ್ತು ಹಾಕಿ, ಅದು ಬೇರೆ ಜಾತಿಯದು, ಮುಳ್ಳು ಜಾಸ್ತಿ. ಬುಡ ಅಗಲವಾಗೋ ಜಾಗ ಮಣ್ಣಿನ ಮೇಲೆ ಕಾಣುತ್ತಿರಬೇಕು.

ಹೊಸಮನೆಯವರು: ಪಕ್ಕದ ಮನೆಯಲ್ಲಿ ರೆಡ್ ಸೀಡರ್ ಇದೆ. ತುಕ್ಕುರೋಗ ಬರುತ್ತೆ ಅಂತಾರಲ್ಲ?

ಕೊಪ್ಪದ ಸೊಸೆ: ಬರುತ್ತೆ. ಆ ಶಿಲೀಂಧ್ರಕ್ಕೆ ಎರಡೂ ಮರ ಬೇಕು. ವಸಂತದ ಮಳೆಗೆ ಸೀಡರ್ ಮೇಲೆ ಕಿತ್ತಳೆ ಬಣ್ಣದ ಲೋಳೆ ಏಳುತ್ತೆ, ಅಲ್ಲಿಂದ ಗಾಳಿಯಲ್ಲಿ ನಮ್ಮ ಮರಕ್ಕೆ. ಎಲೆಯಲ್ಲಿ ಹಳದಿ ಚುಕ್ಕೆ, ಕೆಲವು ಹಣ್ಣಿಗೆ ಮೀಸೆ ಮೂಡಿದ ಹಾಗೆ ಬಿಳಿ ಎಳೆಗಳು. ನೋಡೋಕೆ ಅಸಹ್ಯ, ಆದರೆ ಅದರಿಂದ ಮರ ಸಾಯೋದು ಅಪರೂಪ. ಪಕ್ಕದವರ ಜೊತೆ ಜಗಳ ಆಡಬೇಡಿ, ಬೀಜಕಣ ಮೈಲುಗಟ್ಟಲೆ ಹಾರುತ್ತೆ. ಮಳೆ ಹೆಚ್ಚಾದ ವರ್ಷ ಹಣ್ಣು ಕೆಡುತ್ತೆ, ಅಷ್ಟೇ.

ಇನ್ನೊಂದು. ಮೇ ತಿಂಗಳ ಬಿಳಿ ಹೂವು ಕಣ್ಣಿಗೆ ಹಬ್ಬ, ಮೂಗಿಗಲ್ಲ. ಮಲಗೋ ಕೋಣೆ ಕಿಟಕಿ ಹತ್ತಿರ ಮಾತ್ರ ನೆಡಬೇಡಿ.